ವಾಲ್ವ್ ಬಾಡಿಗೂ ವಿಭೂತಿ

ಹೊಲಿಗೆ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿದ ಮನುಷ್ಯನಿಗೆ ಆಟೋಮ್ಯಾಟಿಕ್ ಕಾರು ಯಾವ ಲೆಕ್ಕ? ನಮ್ಮ ಕಾರು ಗೇರು ಬದಲಿಸುವಾಗಲೆಲ್ಲ ಜಗ್ಗುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ, ದೋಷ ವಾಲ್ವ್ ಬಾಡಿಯದೆಂದು ತೀರ್ಪು ಕೊಟ್ಟೆ. ಗೇರಿನ ಎಣ್ಣೆಗೆ ದಾರಿ ತೋರಿಸುವ ಲೋಹದ ಪೆಟ್ಟಿಗೆ ಅದು. ಒಳಗೆಲ್ಲ ಸಣ್ಣ ಸಣ್ಣ ಕವಾಟ, ಸ್ಪ್ರಿಂಗು.

“ಐತವಾರ ಖಾನಾಪುರದಾಗ ನನ್ನ ತಂಗಿಯ ಬಸುರಿ ಮಗಳ ಕುಬಸ ಐತಿ. ಹಸಿರು ಸೀರಿ, ಬಳಿ ನಾವ ಒಯ್ಯಬೇಕು. ಗಾಡಿಗೆ ಕೈ ಹಚ್ಚಬ್ಯಾಡ್ರಿ,” ಎಂದಳು ಹೆಂಡತಿ ಗಿರಿಜಾ.

“ಶನಿವಾರಕ್ಕ ತಯಾರ!” ಎಂದೆ.

ಟಿಳಕವಾಡಿಯ ನಮ್ಮ ಅಂಗಳದಲ್ಲಿ ಹಳೆಯ ಧೋತರ ಹಾಸಿ, ಭಾಗಗಳನ್ನು ತೊಳೆದು ಸಾಲಾಗಿ ಮಲಗಿಸಿದೆ. ಬಾಜೂ ಮನೆಯ ಪಾಟೀಲ ಕಾಕಾ ಇಣುಕಿದರು.

“ಏನ್ರೀ, ಕುಬಸಕ್ಕಿಂತ ಮೊದಲ ಗಾಡಿ ಹೆರಿಗಿ ಮಾಡ್ಸಾಕತ್ತೀರೇನು?”

ಜೋಡಿಸುವ ಶುಭ ಗಳಿಗೆ ಬಂದಿತ್ತು. ನಮ್ಮ ಮನೆತನದಲ್ಲಿ ನೇಗಿಲಿನಿಂದ ತಕ್ಕಡಿಯವರೆಗೆ ವಿಭೂತಿ, ಕುಂಕುಮ ಕಾಣದೆ ಯಾವುದೂ ಕೆಲಸಕ್ಕೆ ಇಳಿದದ್ದಿಲ್ಲ. ಇಂಥ ಸೂಕ್ಷ್ಮ ಯಂತ್ರಕ್ಕೆ ಬರೀ ಹೊರಮೈಗೆ ಹಚ್ಚಿದರೆ ಭಕ್ತಿಗೆ ಕೊರತೆ! ಒಂದೊಂದು ಕವಾಟಕ್ಕೂ ಧಾರಾಳವಾಗಿ ವಿಭೂತಿ ಬಳಿದು, ಮೇಲೊಂದು ಕುಂಕುಮದ ಬೊಟ್ಟಿಟ್ಟೆ. ಶನಿವಾರ ರಾತ್ರಿ ಎಲ್ಲ ಜೋಡಿಸಿ ಎಣ್ಣೆ ಸುರಿದೆ. ಗೇರಿನ ಎಣ್ಣೆ ಮೊದಲೇ ಕೆಂಪು. ಕುಂಕುಮ ಸದ್ದಿಲ್ಲದೆ ಅದರಲ್ಲಿ ಐಕ್ಯವಾಯಿತು.

ಐತವಾರ ಮುಂಜಾನೆ ಗಿರಿಜಾ ಇಳಕಲ್ ಸೀರೆಯುಟ್ಟು, ಬಳೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಂದಿನ ಗೇರು ಹಾಕಿದೆ. ಕಾರು ಧ್ಯಾನಕ್ಕೆ ಕೂತಂತೆ ಅಲುಗಲಿಲ್ಲ. ಪರೀಕ್ಷೆಗೆಂದು ಹಿಂದಿನ ಗೇರು ಹಾಕಿದೆ. ಬಾಣದಂತೆ ಹಿಮ್ಮುಖವಾಗಿ ಹಾರಿ, ಕಾಕಾರ ಅಂಗಳದಲ್ಲಿ ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ನಿಂತಿತು!

“ಖಾನಾಪುರ ಆ ಕಡಿ ಐತ್ರೀ!” ಎಂದರು ಕಾಕಾ.

ಗಿರಿಜಾ ಇಳಿದಳು. “ದೇವರ ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ಯಾಕ ಸವದಿತ್ತಂತ ಈಗ ತಿಳೀತು. ಒಳಗೂ ಹಚ್ಚೀರೇನು?”

“ಸ್ವಲ್ಪ…”

“ಸಂದಿನಾಗ ಬೂದಿ ತುಂಬಿದ್ರ ಕವಾಟ ಹೆಂಗ ಸರೀತಾವ್ರಿ?”

ಈ ಪ್ರಶ್ನೆ ವಿಡಿಯೋದಲ್ಲಿ ಇರಲಿಲ್ಲ.

ತುಂಬಿದ ಬಸ್ಸಿನಲ್ಲಿ ಬಳೆಯ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದು ಗಿರಿಜಾಳ ಹಿಂದೆ ನಾನು ಖಾನಾಪುರ ತಲುಪಿದೆ. ಬಳೆಗಾಗಿ ಎಲ್ಲರೂ ಕಾದು ಕೂತಿದ್ದರು.

“ಗಾಡಿ ಎಲ್ಲೈತಿ ದೊಡ್ಡಪ್ಪಾ?” ಎಂದಳು ಬಸುರಿ ಹುಡುಗಿ.

ನಾನು ಕೆಮ್ಮಿದೆ. ಗಿರಿಜಾ ಕೆಮ್ಮಲಿಲ್ಲ; ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದಳು. ಅಷ್ಟರಲ್ಲಿ ಮನೆಯ ಹಿರಿಯಜ್ಜಿ ಬಂದವರಿಗೆಲ್ಲ ವಿಭೂತಿ ಹಚ್ಚುತ್ತ ನನ್ನ ಹಣೆಯ ಹತ್ತಿರ ಬಂದರು.

“ಯವ್ವಾ, ಅವರಿಗೆ ಹೊರಗಷ್ಟ ಹಚ್ಚ್ರಿ,” ಎಂದಳು ಗಿರಿಜಾ. “ಒಳಗ ಹ್ವಾದ್ರ ಹಿಂದಕ್ಕ ಓಡ್ತಾರ!”

ಕೂಡಿದ ಮಂದಿಯೆಲ್ಲ ನಕ್ಕರು. ನಾನು ಮೆಲ್ಲಗೆ ಹಿಂದೆ ಸರಿದು ಗೋಡೆಗೆ ಆತು ನಿಂತೆ. ಊಟಕ್ಕೆ ಕರೆಯುವವರೆಗೆ ನನಗೂ ಮುಂದಿನ ಗೇರು ಬೀಳಲಿಲ್ಲ.