ದಿಂಬಿನ ಚೀಲದೊಳಗಿನ ಹೂ

ಪತ್ರಿಕೆಯ ಕೆಲಸದವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಏನೇ ನಡೆಯಲಿ, ತಾನು ಪಕ್ಕದಲ್ಲಿ ನಿಂತು ನೋಡುವವನು, ತನಗೇನೂ ಆಗದು ಎಂದು ನಂಬಿರುತ್ತಾನೆ. ಬೆಂಕಿ ಬಿದ್ದ ಮನೆಯ ಮುಂದೆ ನಿಂತೂ ಯಜಮಾನನ ಇನಿಷಿಯಲ್ ಕೇಳುತ್ತಾನೆ. ಸೇಲಂನಲ್ಲಿ ತಮಿಳು ಪತ್ರಿಕೆಯೊಂದರ ವರದಿಗಾರನಾಗಿದ್ದ ನಾನೂ ಹಾಗೇ ಇದ್ದೆ, ಎಂಬ್ರಾಯಿಡರಿ ಕಲಿಯುವವರೆಗೆ.

ಎಪ್ಪತ್ತರ ದಶಕದಲ್ಲಿ ಹೆಣ್ಣು ನೋಡಲು ಬರುವವರು ಹಾಡು ಕೇಳುವುದನ್ನು ಬಿಟ್ಟು ದಿಂಬಿನ ಚೀಲ ಕೇಳುತ್ತಿದ್ದರು. ತಂಗಿ ನಾಗಮಣಿಯನ್ನು ನೋಡಲು ನಂಗವಳ್ಳಿಯಿಂದ ಬರಲಿದ್ದವರೂ ನಮ್ಮಂತೆ ಕನ್ನಡದ ನೇಕಾರರೇ. ಹುಡುಗಿ ಕೈಯಾರೆ ಹೂ ಹಾಕಿದ ಚೀಲ ಇರಲಿ ಎಂದು ಹುಡುಗನ ಅಜ್ಜಿ ಹೇಳಿ ಕಳಿಸಿದ್ದರು. ಆ ಹುಡುಗನನ್ನು ನಾಗಮಣಿ ಒಂದು ಮದುವೆಯಲ್ಲಿ ನೋಡಿ ಮೆಚ್ಚಿದ್ದಳು. ಆದರೆ ನೂಲು ಸುತ್ತುವುದರಲ್ಲಿ ಗಟ್ಟಿಗಿತ್ತಿಯಾದ ಅವಳು ಸೂಜಿ ಹಿಡಿದರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು.

"ಅಣ್ಣಾ, ನೀ ಕುಂತ್ಕಂಡ್ ಬರ್ಯೋ ಕೆಲ್ಸ್ದೋನು. ನೀನೇ ಕಲ್ತು ಆಕ್ಕೊಡು. ಈ ವುಡುಗ ತಪ್ಪೋದ್ರೆ ನಾ ಇನ್ಯಾರ್ ಮುಂದೂ ಕುಂದ್ರಾಕಿಲ್ಲ," ಎಂದಳು.

ಎದುರುಮನೆಯ ಟೀಚರಮ್ಮ ನನಗೆ ಸರಪಳಿ ಹೊಲಿಗೆ ಕಲಿಸಿದರು. ಸೂಜಿ ಎದ್ದ ಕಡೆಯೇ ಇಳಿಸಬೇಕು, ದಾರದ ಕುಣಿಕೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅದರೊಳಗಿಂದ ಮತ್ತೆ ಎತ್ತಬೇಕು. ನನಗೆ ಇದು ಸುದ್ದಿಯ ಹಾಗೆಯೇ ಕಂಡಿತು: ಹಿಂದಿನದನ್ನು ಬಿಗಿಮಾಡದೆ ಮುಂದಕ್ಕೆ ಹೋಗುವಂತಿಲ್ಲ. ಮುನಿಸಿಪಲ್ ಸಭೆಯಲ್ಲಿ ಸದಸ್ಯರು ಕೂಗಾಡುತ್ತಿರುವಾಗ ಮೇಜಿನ ಕೆಳಗೆ ಎಲೆಯೊಂದನ್ನು ಮುಗಿಸಿದ್ದೂ ಉಂಟು.

ಎಡವಟ್ಟಾದದ್ದು ಚೀಲ ಹೊಲಿದಾಗ. ನಮ್ಮ ಮಗ್ಗದಲ್ಲಿ ಬುಟ್ಟಾ ನೇಯುವಾಗ ಸೀರೆಯ ಮುಖ ನೆಲ ನೋಡುತ್ತದೆ, ಬೆನ್ನು ನಮ್ಮನ್ನು ನೋಡುತ್ತದೆ. ಆ ಮಗ್ಗದ ಪಕ್ಕದಲ್ಲೇ ಬೆಳೆದ ನನ್ನ ಕೈ, ಯೋಚಿಸದೆ, ಹೂಗಳನ್ನೆಲ್ಲ ಒಳಗಿಟ್ಟು ಗಂಟುಗಳನ್ನು ಹೊರಗಿಟ್ಟು ಹೊಲಿದುಬಿಟ್ಟಿತ್ತು. ಅಪ್ಪನೂ ನೋಡಿ, ಚೆನ್ನಾಗೈತೆ ಎಂದಿದ್ದರು.

ಬಂದವರ ಮುಂದೆ ಚೀಲ ಇಟ್ಟಾಗ ಕಂಡದ್ದು ಬರೀ ದಾರದ ತುಂಡುಗಳು. ನಾಗಮಣಿಯ ಮುಖ ಬಿಳಿಚಿತು. ಹುಡುಗನ ಅಜ್ಜಿ ಮಾತ್ರ ಏನೂ ಆಗದವರಂತೆ ಚೀಲದೊಳಗೆ ಕೈಬಿಟ್ಟು ಮಗುಚಿ ನೋಡಿದರು. ನೇಕಾರರಲ್ಲವೇ, ಬಟ್ಟೆಯ ಮೇಲ್ಭಾಗವನ್ನು ಅವರು ನಂಬುವವರಲ್ಲ. ಹೂ ಕಂಡಿತು. ಮೆಚ್ಚಿ, ತಮ್ಮ ಕಣ್ಣೆದುರು ಸೂಜಿಯಲ್ಲಿ ಒಂದು ಎಲೆ ಹೊಲಿಯಲು ನಾಗಮಣಿಗೆ ಹೇಳಿದರು.

ನಾಗಮಣಿ ಸೂಜಿ ನೋಡಿದಳು, ಹುಡುಗನನ್ನು ನೋಡಿದಳು. "ನಂಗೆ ಬರಾಕಿಲ್ಲ ಅಜ್ಜಿ. ಅಣ್ಣ ಆಕಿದ್ದು."

ಅಜ್ಜಿ ನನ್ನತ್ತ ತಿರುಗಿದರು. ನನಗೆ ಮದುವೆ ಆಗಿದೆಯೇ ಎಂದು ಅಪ್ಪನನ್ನು ವಿಚಾರಿಸಿದರು. ಇಲ್ಲವೆಂದು ತಿಳಿದ ಮೇಲೆ, "ನಮ್ಮನೇಲೂ ಒಬ್ಳವ್ಳೆ, ವುಡುಗನ ತಂಗಿ. ಸೂಜಿ ಕಂಡ್ರೆ ಓಡ್ತಾಳೆ. ಅವ್ಳ್ನ ಇವ್ನಿಗೆ ಕೊಟ್ಟು, ನಿಮ್ಮವ್ಳ್ನ ತಗಳ್ಳಾನ. ಆದ್ರೆ ಎಲ್ಡೂ ಆಗ್ಲಿ, ಇಲ್ಲಾಂದ್ರೆ ಒಂದೂ ಬ್ಯಾಡ," ಎಂದರು.

ನಾಗಮಣಿ ನನ್ನತ್ತ ನೋಡಿದ ನೋಟದಲ್ಲಿ ಬೇರೆ ದಾರಿಯಿರಲಿಲ್ಲ. ಮಂತ್ರಿಗಳನ್ನು ಪ್ರಶ್ನಿಸಿದವನು ತಲೆ ಬಗ್ಗಿಸಿ ಕೂತೆ. ಎಷ್ಟು ಓದಿದೆ, ಅಡುಗೆ ಬರುತ್ತದೆಯೇ, ಸಿಟ್ಟು ಹೆಚ್ಚೇ ಎಂದೆಲ್ಲ ಅಜ್ಜಿ ಕೇಳಿದರು, ಮೆಲ್ಲಗೆ ಉತ್ತರಿಸಿದೆ. ಅಷ್ಟರಲ್ಲಿ ನಾಗಮಣಿ ಒಳಗಿಂದ ಕಾಫಿಯ ತಟ್ಟೆ ತಂದು ನೇರವಾಗಿ ನನ್ನ ಕೈಗೆ ಕೊಟ್ಟಳು. ಎದ್ದು ಎಲ್ಲರಿಗೂ ಹಂಚಿದೆ.