ಹಗ್ಗ ಮನೆಯಲ್ಲೇ ಉಳಿಯಿತು

ನಾನು ಸಂಗೀತಗಾರನಲ್ಲ. ಈ ಮಾತನ್ನು ನಾನೇ ಹೇಳಿಕೊಂಡರೆ ಅದು ವಿನಯ. ಹೇಳಿದ ಮೇಲೆ, ಎದುರಿಗಿದ್ದವರು ‘ಛೇ ಛೇ, ಹಂಗ್ಯಾಕಂತೀರಿ’ ಎನ್ನಲಿ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ. ಇದೇ ಮಾತನ್ನು ನನ್ನ ಹೆಂಡತಿ ಶೈಲಾ ಹೇಳಿದರೆ ಮಾತ್ರ ನನಗೆ ಊಟ ಸೇರುವುದಿಲ್ಲ. ಹವ್ಯಾಸಿ ಕಲಾವಿದರ ಜಾತಿಯೇ ಹೀಗೆ. ನಮಗೆ ವಿದ್ಯೆ ಅಷ್ಟಾಗಿ ಬೇಡ, ಬಿರುದೂ ಬೇಡ. ಕೂತು ಕೇಳುವ ಒಂದು ಜೊತೆ ಕಿವಿ ಸಿಕ್ಕರೆ ಸಾಕು. ಬೈಲಹೊಂಗಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಕಿವಿಗಳ ಕೊರತೆ ಇರಬಾರದಾಗಿತ್ತು. ದಿನಾ ಕೊಠಡಿ ತುಂಬ ಎದುರಿಗೆ ಇರುತ್ತವೆ. ಆದರೆ ಅವು ಕೇಳಲು ಕಾಯುವುದು ಗಂಟೆಯ ಸದ್ದನ್ನು ಮಾತ್ರ.

ನನ್ನ ಹತ್ತಿರ ಒಂದು ಸಿಂಥಸೈಜರ್ ಇತ್ತು. ಊರ ಮಂದಿ ಅದನ್ನು ಕೀಬೋರ್ಡ್ ಅನ್ನುತ್ತಿದ್ದರು, ನಾನು ಪ್ರತಿ ಸಲ ತಿದ್ದುತ್ತಿದ್ದೆ. ನಮ್ಮವ್ವ ಹಾರ್ಮೋನಿಯಂ ಎಂದೇ ತಿಳಿದು ಪೇಟಿ ಅನ್ನುತ್ತಿದ್ದಳು, ಅವಳನ್ನು ತಿದ್ದುವ ಧೈರ್ಯ ನನಗಿರಲಿಲ್ಲ. ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಂದದ್ದು. ಆಗೆಲ್ಲ ಸುತ್ತಲಿನ ಊರುಗಳ ಮದುವೆಗಳಲ್ಲಿ ಆರ್ಕೆಸ್ಟ್ರಾ ಇರುತ್ತಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾವು ತಿರುಗದ ಕಲ್ಯಾಣ ಮಂಟಪವಿಲ್ಲ. ಬೀಗರು ಜಿಲೇಬಿ ತಿನ್ನುವಾಗ ನಾನು ಹಿಂದೆ ನಿಂತು ಕೊಳಲು, ಪಿಟೀಲು, ಶಹನಾಯಿ ಎಲ್ಲವನ್ನೂ ಎರಡು ಕೈಯಲ್ಲಿ ನುಡಿಸುತ್ತಿದ್ದೆ. ಆಮೇಲೆ ಡಿಜೆ ಬಂತು. ನಾವು ಎಂಟು ಜನ ಸೇರಿ ಮಾಡುತ್ತಿದ್ದ ಗದ್ದಲವನ್ನು ಒಂದು ಪೆನ್‌ಡ್ರೈವ್ ಒಂದೇ ಮಾಡತೊಡಗಿತು. ಅದಕ್ಕೆ ಊಟ ಹಾಕುವ ಕಷ್ಟವೂ ಇರಲಿಲ್ಲ.

ಅಂದಿನಿಂದ ಸಿಂಥಸೈಜರ್ ನಡುಮನೆಯಲ್ಲಿ ತನ್ನ ಸ್ಟ್ಯಾಂಡಿನ ಮೇಲೆ ಬಿದ್ದುಕೊಂಡಿತ್ತು. ಬಿದ್ದುಕೊಂಡಿತ್ತು ಎಂದರೆ ತಪ್ಪಾದೀತು, ಮನೆಯವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತಿತ್ತು. ಮಡಚಿದ ಬಟ್ಟೆ, ಕರೆಂಟ್ ಬಿಲ್ಲು, ಬೇಸಿಗೆಯಲ್ಲಿ ಸಂಡಿಗೆ ಒಣಹಾಕಿದ ಮೊರ ಎಲ್ಲವನ್ನೂ ಅದು ಹೊತ್ತಿದೆ. ನಾನು ರಾಗ ನುಡಿಸಬೇಕೆಂದರೆ ಮೊದಲು ಒಂದು ಸಂಸಾರವನ್ನೇ ಕೆಳಗಿಳಿಸಬೇಕಾಗಿತ್ತು. ಈ ನಡುವೆ ಅವ್ವನ ಮೊಣಕಾಲು ನೋವು ಹೆಚ್ಚಾಗಿ, ನೆಲದ ಮೇಲೆ ಮಲಗಬಾರದೆಂದು ಡಾಕ್ಟರು ಹೇಳಿದರು. ಮಂಚ ಹಾಕಲು ನಡುಮನೆ ಬಿಟ್ಟರೆ ಜಾಗವಿಲ್ಲ. ಶೈಲಾ ಎರಡೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಒಂದ ಅದು ಇರ್ಲಿ, ಇಲ್ಲಾ ಅತ್ತಿ ಇರ್ಲಿ. ನೀವ ನೋಡ್ರಿ.” ನಾನು ಒಂದು ಕ್ಷಣ ಯೋಚಿಸಿದೆ. ಅದೊಂದು ಕ್ಷಣಕ್ಕಾಗಿ ಅವ್ವ ಇನ್ನೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. ವರಾನ್ವೇಷಣೆಯ ಧಾಟಿಯಲ್ಲಿ ಬರೆದಿದ್ದೆ: ಒಬ್ಬರೇ ಬಳಸಿದ್ದು, ಒಳ್ಳೆಯ ಮನೆತನದಲ್ಲಿ ಬೆಳೆದದ್ದು, ಸಂಗೀತ ಬಲ್ಲವರು ಮಾತ್ರ ಸಂಪರ್ಕಿಸಿ. ರಾಮದುರ್ಗದಿಂದ ಒಬ್ಬರು ಫೋನು ಮಾಡಿ, ಬದಲಿಗೆ ಬೆಳೆಗೆ ಎಣ್ಣೆ ಹೊಡೆಯುವ ಪಂಪು ಕೊಡುತ್ತೇನೆ, ನಡೆಯುತ್ತದೆಯೇ ಎಂದರು. ಇನ್ನೊಬ್ಬರು “ಇದು ತಾನ ಬಾರಸತೈತೋ, ಇಲ್ಲಾ ನಾವ ಬಾರಸಬೇಕೋ?” ಎಂದು ಕೇಳಿ, ನಾವೇ ಬಾರಿಸಬೇಕು ಎಂದಾಗ ಬಹಳ ಬೇಜಾರಿನಿಂದ ಫೋನಿಟ್ಟರು. ಕಡೆಗೆ ಸುದ್ದಿಯನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ.

ಈ ಗುಂಪಿನ ಬಗ್ಗೆ ಎರಡು ಮಾತು ಹೇಳಬೇಕು. ಸುತ್ತಲ ತಾಲೂಕುಗಳ ಹವ್ಯಾಸಿ ವಾದಕರೆಲ್ಲ ಅದರಲ್ಲಿದ್ದೇವೆ. ಬೆಳಗಾದರೆ ಪ್ರತಿಯೊಬ್ಬರೂ ತಮ್ಮ ವಾದನದ ತುಣುಕು ಹಾಕುತ್ತಾರೆ, ಉಳಿದವರೆಲ್ಲ ಕೈಮುಗಿಯುವ ಚಿತ್ರ ಹಾಕುತ್ತಾರೆ. ತುಣುಕು ಮುಗಿಯುವಷ್ಟು ಹೊತ್ತಾಗುವ ಮೊದಲೇ ಚಪ್ಪಾಳೆ ಬಂದುಬಿಡುತ್ತದೆ. ಯಾರೂ ಯಾರದನ್ನೂ ತೆಗೆದು ಕೇಳುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು, ತನ್ನದನ್ನು ಮಾತ್ರ ಎಲ್ಲರೂ ಕೇಳುತ್ತಾರೆಂಬ ನಂಬಿಕೆಯೂ ಎಲ್ಲರಿಗೂ ಇದೆ. ಮುನವಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮೌಲಾಸಾಬರು ಈ ಗುಂಪಿನ ಹಿರಿಯ ಸದಸ್ಯರು. ಅವರ ಹಾರ್ಮೋನಿಯಂ ತುಣುಕುಗಳಿಗೆ ನಾನು ವರ್ಷಗಟ್ಟಲೆ ಕೈ ಮುಗಿದಿದ್ದೇನೆ, ಒಂದನ್ನೂ ತೆಗೆದಿಲ್ಲ. ಅವರೇ ಫೋನು ಮಾಡಿದರು: “ಸರ, ನಿಮ್ಮ ಪೇಟಿ ನಮ್ಮ ಮನಿಗೇ ಬರಬೇಕ್ರಿ. ನಿಮ್ಮ ಕೈಗುಣ ಅದರಾಗ ಐತಿ.” ನನ್ನ ಕೈಗುಣವನ್ನು ಗುರುತಿಸಿದ ಮೊದಲ ಮನುಷ್ಯ ಇವರು ಎಂದುಕೊಂಡೆ. ಅವರೂ ನನ್ನ ತುಣುಕುಗಳನ್ನು ತೆಗೆದಿರಲಿಕ್ಕಿಲ್ಲ ಎಂಬ ಸಂಶಯ ಆಗ ಬರಲಿಲ್ಲ.

ಐತವಾರ ಅವರು ಬಂದರು. ವ್ಯವಹಾರಕ್ಕೆ ಹಿರಿಯರೊಬ್ಬರು ಇರಲಿ ಎಂದು ಸೋದರಮಾವ ಹಸನಸಾಬರನ್ನು ಕರೆತಂದಿದ್ದರು. ಹಸನಸಾಬರು ಆಯುಷ್ಯವಿಡೀ ದನದ ವ್ಯಾಪಾರ ಮಾಡಿದವರು. ನಡುಮನೆಗೆ ಬಂದವರೇ ಸಿಂಥಸೈಜರಿನ ಸುತ್ತ ಒಂದು ಸುತ್ತು ಹಾಕಿದರು, ಹಿಂದೆ ನಿಂತು ನೋಡಿದರು, ಬಗ್ಗಿ ಸ್ಟ್ಯಾಂಡಿನ ಕಾಲು ಅಲುಗಾಡಿಸಿದರು. “ವಯಸ್ಸೆಷ್ಟರಿ?” ಎಂದು ಕೇಳಿದಾಗ ನಾನು ನನ್ನ ವಯಸ್ಸು ಹೇಳಿದೆ.

ನನಗೆ ಒಳಗೊಳಗೇ ಅಳುಕಿತ್ತು. ನಡುವಿನ ಸಪ್ತಕದ ಮಧ್ಯಮ ಸ್ವರ ಏಳುತ್ತಿರಲಿಲ್ಲ, ಆ ಕೀ ಒತ್ತಿದರೆ ಸದ್ದೇ ಇಲ್ಲ. ಅದಕ್ಕೇ ಹಿಂದಿನ ರಾತ್ರಿಯೇ ಲೆಕ್ಕ ಹಾಕಿ, ಮಧ್ಯಮವೇ ಇಲ್ಲದ ಭೂಪ ರಾಗವನ್ನು ನುಡಿಸಿ ತೋರಿಸಿದೆ. ಮೌಲಾಸಾಬರು ಕಣ್ಣು ಮುಚ್ಚಿ ತಲೆದೂಗಿದರು. “ಯಮನ ಆಗ್ಲಿ ಸರ” ಎಂದರು. ಯಮನದಲ್ಲಿ ಮಧ್ಯಮ ಇದೆ, ಆದರೆ ತೀವ್ರ ಮಧ್ಯಮ, ಅಂದರೆ ಪಕ್ಕದ ಕರಿ ಕೀ. ದೇವರು ದೊಡ್ಡವನು, ಅದನ್ನೂ ದಾಟಿದೆ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಕೂತಿದ್ದ ಅವ್ವ, “ಎಲ್ಲಾ ಛಲೋ ಐತ್ರಿ ಅಣ್ಣಾರ. ನಡಬರಕಿಂದೊಂದು ಮಾತ್ರ, ಸಂಡಿಗಿ ಹಿಟ್ಟು ಬಿದ್ದಾಗಿಂದ ಒದರೂದಿಲ್ಲ” ಅಂದಳು. ನನ್ನ ಮುಖ ಏನಾಯಿತೋ ನನಗೆ ಗೊತ್ತಿಲ್ಲ. ಹಸನಸಾಬರು ಮಾತ್ರ ಸಮಾಧಾನದಿಂದ, “ಒಂದ ಹಲ್ಲು ಹ್ವಾದ್ರೇನಾತ್ರಿ, ಹಾಯೂ ಗುಣ ಇಲ್ಲಲ್ಲ” ಎಂದರು.

ಬೆಲೆಯ ಮಾತು ಬಂತು. ಹಸನಸಾಬರು ಹೆಗಲ ಮೇಲಿನ ಟಾವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದರು. ದನದ ಸಂತೆಯಲ್ಲಿ ಹೀಗೆಯೇ, ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿಯೂ ಆ ಭಾಷೆ ನನಗೆ ಬರುವುದಿಲ್ಲ. ಗೊತ್ತಿಲ್ಲ ಎಂದು ಹೇಳುವುದಕ್ಕೆ ಕಾಲೇಜು ಮಾಸ್ತರಿಗೆ ಆಗುತ್ತದೆಯೇ? ಅವರು ನನ್ನ ಬೆರಳು ಹಿಡಿದರು, ನಾನು ಗಾಬರಿಯಲ್ಲಿ ಅವರ ಬೆರಳು ಹಿಚುಕಿದೆ. “ಮುಗೀತು!” ಎಂದು ಅವರು ಟಾವೆಲ್ ಝಾಡಿಸಿ ಎದ್ದೇಬಿಟ್ಟರು. ಎಷ್ಟಕ್ಕೆ ಮುಗಿಯಿತೆಂದು ನನಗೆ ತಿಳಿದದ್ದು ಅವರು ದುಡ್ಡು ಅವ್ವನ ಕೈಗೆ ಕೊಟ್ಟಾಗ. ಶೈಲಾಳಿಗೆ ನಾನು ಹೇಳಿಟ್ಟಿದ್ದಕ್ಕಿಂತ ಕಡಿಮೆ ಇತ್ತು, ಸತ್ತ ಮಧ್ಯಮವನ್ನು ನೆನೆದರೆ ಹೆಚ್ಚೇ ಆಯಿತು.

ಅವ್ವ ಸಿಂಥಸೈಜರಿಗೆ ಅರಿಷಿಣ ಕುಂಕುಮ ಹಚ್ಚಿದಳು. ಮೌಲಾಸಾಬರು ಗೋಡೆಯ ಪ್ಲಗ್ಗಿನಿಂದ ಅಡಾಪ್ಟರ್ ಕಿತ್ತು, ಅದರ ವಾಯರ್ ಸುತ್ತತೊಡಗಿದಾಗ ಅವ್ವ ಒಮ್ಮೆಗೇ ಗದರಿದಳು. “ಏ ತಮ್ಮಾ, ಹಗ್ಗಾ ಇಲ್ಲೇ ಇಡ್ರಿ! ಮಾರಿದ ದನದ ಜೋಡಿ ಯಾರರ ಹಗ್ಗಾ ಕೊಡತಾರೇನು? ಹಗ್ಗದ ಬೆನ್ನ ಹತ್ತಿ ಮನಿ ಲಕ್ಷ್ಮೀನೂ ಹೋಗಿಬಿಡತಾಳ.”

ನಮ್ಮ ಕಡೆ ಇದು ಇದ್ದದ್ದೇ. ದನ ಮಾರಿದರೆ ಕೊರಳ ಹಗ್ಗ ಮನೆಯಲ್ಲೇ ಉಳಿಯಬೇಕು, ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ನಮ್ಮ ಕೊನೆಯ ಎಮ್ಮೆಯ ಹಗ್ಗ ಇನ್ನೂ ಅಡುಗೆಮನೆಯ ಗೂಟದಲ್ಲಿದೆ. ನಾನು ನಗುತ್ತ, “ಅವ್ವಾ, ಇದು ಹಗ್ಗಲ್ಲ, ಅಡಾಪ್ಟರ್” ಎಂದು ಶುರುಮಾಡಿದೆ. ಆದರೆ ಹಸನಸಾಬರು ಮುಖ ಕೆಂಪಗೆ ಮಾಡಿ ಅಳಿಯನ ಕೈಯಿಂದ ಅದನ್ನು ಕಿತ್ತುಕೊಂಡರು. “ಅವ್ವಾರು ಅಂದಿದ್ದು ಖರೇ ಐತಿ. ಮಂದಿ ಹಗ್ಗಾ ಒಯ್ಯೂ ಮನಿತನಲ್ಲ ನಮ್ಮದು. ಮುನವಳ್ಯಾಗ ಇಂಥಾವು ಬೇಕಾದಷ್ಟು ಸಿಗತಾವ.”

ಇಲ್ಲಿ ನಾನು ಬಾಯಿ ತೆರೆಯಬೇಕಾಗಿತ್ತು. ಸಾಮಾನ್ಯ ಅಡಾಪ್ಟರಿನ ಪಿನ್ನಿನ ಒಳಗೆ ಪ್ಲಸ್, ಹೊರಗೆ ಮೈನಸ್ ಇರುತ್ತದೆ. ನನ್ನದರಲ್ಲಿ ಉಲ್ಟಾ. ಸುತ್ತಲಿನ ಅಂಗಡಿಗಳಲ್ಲಿ ಸಿಗುವ ಯಾವುದನ್ನು ಚುಚ್ಚಿದರೂ ಅದು ಕಣ್ಣು ಬಿಡುವುದಿಲ್ಲ. ವಿದ್ಯುತ್ತಿನ ಈ ಪಾಠವನ್ನು ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಭಾಷಣವನ್ನೂ ಮಾಡಿದ್ದೇನೆ. ಆ ಹೊತ್ತಿಗೆ ಮಾತ್ರ ವಿಜ್ಞಾನಕ್ಕಿಂತ ಅವ್ವನ ಮಾತೇ ಸರಿಯೆಂದು ಕಂಡಿತು. ಸಿಂಥಸೈಜರ್ ಹೇರಿಕೊಂಡ ಗೂಡ್ಸ್ ರಿಕ್ಷಾ ಓಣಿ ತಿರುಗಿ ಮರೆಯಾದ ಮೇಲೆ ಅಡಾಪ್ಟರನ್ನು ಎಮ್ಮೆಯ ಹಗ್ಗದ ಪಕ್ಕದಲ್ಲಿ ತೂಗುಹಾಕಿದೆ.

ಮಂಚ ಬಂತು, ಅವ್ವ ಸುಖವಾಗಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಬುಧವಾರ ಮೌಲಾಸಾಬರ ಫೋನು ಬಂತು. “ಸರ, ಏಳವಲ್ದ್ರಿ ಇದು. ಮೊಬೈಲ್ ಅಂಗಡ್ಯಾನ ಎಲ್ಲಾ ಹಾಕಿ ನೋಡೇನಿ. ಮಾರಿ ತಿರುವಿ ಕುಂತೈತಿ.” ನನಗೆ ಆದ ಸಂತೋಷವನ್ನು ಹೇಳಿಕೊಳ್ಳಬಾರದು, ಆದರೂ ಆಯಿತು. ಅಡಾಪ್ಟರ್ ಕಳಿಸಲೇ ಎಂದು ಅವ್ವನನ್ನು ಕೇಳಿದೆ. ಅವಳು ಯೋಚಿಸಿ, “ಹಗ್ಗಾ ಕೊಡಬಾರದು ಅಂದೇನಿ. ನೀನ ಕೈಯಾಗ ಹಿಡಕೊಂಡು ಹೋಗಿ, ತಿರುಗಿ ತರೂದಕ್ಕ ಏನೂ ದೋಷಿಲ್ಲ” ಎಂದಳು. ಇಷ್ಟು ಅನುಕೂಲವಾದ ಶಾಸ್ತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗೆ ಪ್ರತಿ ಐತವಾರ ನಾನು ಅಡಾಪ್ಟರನ್ನು ಚೀಲದಲ್ಲಿ ಹಾಕಿಕೊಂಡು ಮುನವಳ್ಳಿಯ ಬಸ್ಸು ಹತ್ತತೊಡಗಿದೆ. ಅಂಗಡಿಯ ಮೇಲಿನ ಮನೆಯಲ್ಲಿ ಸಿಂಥಸೈಜರನ್ನು ಮೇಜಿನ ಮೇಲಿಟ್ಟು, ಜರಿ ಅಂಚಿನ ಬಟ್ಟೆ ಹೊದಿಸಿದ್ದರು. ಅದರ ಮೇಲೆ ಒಂದು ಸಂಡಿಗೆಯೂ ಇರಲಿಲ್ಲ. ನಾನು ಅಡಾಪ್ಟರ್ ಚುಚ್ಚುವುದು, ಕೆಂಪು ದೀಪ ಹೊತ್ತುವುದು, ಮೌಲಾಸಾಬರು “ಸರ ಬಂದ್ರ ಮನ್ಯಾಗ ಜೀವ ಬರತೈತಿ ನೋಡ್ರಿ” ಎನ್ನುವುದು. ಹೊಂದಿಸಿ ನೋಡಬೇಕೆಂದು ನೆಪ ಹೇಳಿ ಮೊದಲು ನಾನೇ ನುಡಿಸಲು ಕೂರುತ್ತಿದ್ದೆ. ಅವರು ಎದುರಿಗೆ ಕೂತು ಪೂರ್ತಿ ಕೇಳುತ್ತಿದ್ದರು, ಎದ್ದು ಹೋಗುತ್ತಿರಲಿಲ್ಲ. ಆಮೇಲೆ ಅವರು ನುಡಿಸುವಾಗ ನಾನು ಕೇಳಲೇಬೇಕಾಗಿತ್ತು. ಅಡಾಪ್ಟರ್ ಬಿಟ್ಟು ಬರುವ ಹಾಗಿರಲಿಲ್ಲವಲ್ಲ. ಅವರ ಬೆರಳು ದಪ್ಪ, ಲಯ ಅವಸರದ್ದು, ಕೇಳುವವರು ಸಿಕ್ಕಿದ ಖುಷಿಯಲ್ಲಿ ಒಂದೇ ರಾಗವನ್ನು ಮೂರು ಸಲ ಮುಗಿಸುತ್ತಿದ್ದರು. ಪಾಪ, ಒಂದು ಅಡಾಪ್ಟರಿಗಾಗಿ ನನ್ನ ದಾರಿ ಕಾಯುತ್ತಾರಲ್ಲ ಎಂದು ನನಗೆ ಅವರ ಮೇಲೆ ಮರುಕ. ಮಾರಿದ ಮೇಲೂ ಹಗ್ಗ ನನ್ನ ಕೈಯಲ್ಲಿದೆ ಎಂಬ ಗತ್ತಿನಲ್ಲಿ ಬಸ್ಸಿನಲ್ಲಿ ಕಿಟಕಿಯ ಸೀಟನ್ನೇ ಹಿಡಿಯುತ್ತಿದ್ದೆ.

ಹೋದ ಐತವಾರ ಅವರ ಮನೆಯ ಮೆಟ್ಟಿಲು ಹತ್ತಿ ಚೀಲಕ್ಕೆ ಕೈ ಹಾಕಿದರೆ ಅಡಾಪ್ಟರ್ ಇಲ್ಲ. ಅವಸರದಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಚೀಲ ಬೋರಲು ಹಾಕಿ ಝಾಡಿಸಿದೆ. ಮೌಲಾಸಾಬರು ನನ್ನನ್ನು ಒಮ್ಮೆ ನೋಡಿದರು, ಚೀಲವನ್ನು ಒಮ್ಮೆ ನೋಡಿದರು. ಆಮೇಲೆ ಮೇಜಿನ ಖಾನೆ ಎಳೆದು ಹೊಚ್ಚ ಹೊಸ ಅಡಾಪ್ಟರ್ ತೆಗೆದು ಚುಚ್ಚಿದರು. ಕೆಂಪು ದೀಪ ಹೊತ್ತಿತು.

“ಇದು ಯಾವಾಗ ಬಂತ್ರಿ?” ಎಂದೆ.

“ನೀವು ಮೊದಲನೇ ಸಲ ಬಂದು ಹೋದ ಮರುವಾರನ ಬೆಳಗಾಂವಿಯಿಂದ ತರಿಸೇನ್ರಿ.”

“ಮತ್ತ ಹೇಳಬಾರದೇನ್ರಿ?”

“ಹೆಂಗ ಹೇಳೂದ್ರಿ ಸರ” ಎಂದು ಅವರು ನಾಚಿಕೆಯಿಂದ ಜರಿ ಬಟ್ಟೆ ಮಡಚಿದರು. “ಹೇಳಿದ್ರ ನೀವು ಬರತಿದ್ರೇನು? ಮನ್ಯಾಗ ನಾ ಪೇಟಿ ಮುಟ್ಟಿದ್ರ ಎಲ್ಲಾರೂ ಎದ್ದ ಹೋಗತಾರ್ರಿ. ನೀವೊಬ್ಬರ ಕುಂತು ಕೇಳವ್ರು.” ಮತ್ತೆ ಎಂದಿನ ಉಮೇದಿನಿಂದ ಕುರ್ಚಿ ಎಳೆದುಕೊಂಡರು. “ಬರ್ರಿ, ಕುಂದರ್ರಿ. ಹೆಂಗೂ ಹಗ್ಗಾ ನಮ್ದ ಐತಿ ಇವತ್ತು. ಮೊದಲ ನಂದ ಕೇಳ್ರಿ.”

ಕೇಳಿದೆ. ಮಧ್ಯಮವಿಲ್ಲದ ಭೂಪ, ಮೂರು ಸಲ. ಕೊನೆಯ ಸಲ ಮಾತ್ರ ನನಗೆ ತಿಳಿಯದೆಯೇ ತಲೆದೂಗಿದೆ.

ಸಂಜೆ ಮನೆಗೆ ಬಂದಾಗ ಅವ್ವ ಮಂಚದ ಮೇಲೆ ಕೂತಿದ್ದಳು. ಅಡುಗೆಮನೆಯ ಗೂಟದ ಕಡೆ ಕೈ ಮಾಡಿ ಶೈಲಾಳನ್ನು ಕೇಳಿದಳು: “ಹಗ್ಗಾ ಇಲ್ಲೇ ಐತಲ್ಲ. ಮುಂಜಾನಿಂದ ಇಂವಾ ಎಲ್ಲಿ ಹೋಗಿದ್ದ?”

ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಎಲ್ಲಿ ಹೋಗತಾರ್ರಿ ಅತ್ತಿ,” ಎಂದಳು, “ಕೊಂಡವರ ಮನಿಗೇ ಹೋಗಿದ್ದಾರು.”