ಅತ್ತೆಗೊಂದು ತಿರುಗುಮನೆ

ಗಣಿತದ ಮೇಷ್ಟ್ರಿಗೆ ಇದ್ದದ್ದು ಒಂದೇ ಒಂದು ಕಾಯಿಲೆ: ವಿವರಿಸುವುದು. ಯಾರಾದರೂ ಕಿಟಕಿ ತೆರೆದರೆ ಗಾಳಿ ಒಳಗೆ ಬರುವ ಬಗೆಯನ್ನು ವಿವರಿಸುತ್ತಿದ್ದರು. ಯಾರಾದರೂ ಕುರ್ಚಿಯಲ್ಲಿ ಕುಳಿತರೆ ಬೆನ್ನು ಎಷ್ಟು ಕೋನದಲ್ಲಿರಬೇಕೆಂದು ವಿವರಿಸುತ್ತಿದ್ದರು. ಶಾಲೆಯಲ್ಲಿ ಇದಕ್ಕೆ ಸಂಬಳ ಸಿಗುತ್ತಿತ್ತು. ಮನೆಯಲ್ಲಿ ಸಿಗುತ್ತಿದ್ದದ್ದೇ ಬೇರೆ. (ಅದನ್ನು ಇಲ್ಲಿ ಬರೆದರೆ ಮೇಷ್ಟ್ರ ಮರ್ಯಾದೆಗೆ ಕುಂದು.)

ಈ ಕಾಯಿಲೆಗೆ ಬಲಿಯಾದವರಲ್ಲಿ ಅಗ್ರಗಣ್ಯರೆಂದರೆ ಅವರ ಅತ್ತೆ. ಕಳೆದ ಸಲ ಮಗಳ ಮನೆಗೆ ಬಂದಾಗ, ತಿಂಗಳಾನುಗಟ್ಟಲೆ ಇರುವ ಉತ್ಸಾಹದಲ್ಲಿ ದೊಡ್ಡ ಪೆಟ್ಟಿಗೆಯನ್ನೇ ತಂದಿದ್ದರು. ಮೇಷ್ಟ್ರ ಬಾಡಿಗೆ ಮನೆಯೋ, ಅಡ್ಡಾದಿಡ್ಡಿ ಬುದ್ಧಿಯವನೊಬ್ಬ ಕಟ್ಟಿಸಿದ ಮನೆ. ಒಲೆಯ ಎಡಗಡೆಯ ತಿರುಪು ತಿರುಗಿಸಿದರೆ ಬಲಗಡೆಯ ಬರ್ನರು ಹತ್ತುತ್ತಿತ್ತು. ಹಿಂಬಾಗಿಲನ್ನು ಕೊಂಚ ಮೇಲಕ್ಕೆತ್ತಿ ತಳ್ಳದಿದ್ದರೆ ಅದು ತೆರೆಯುತ್ತಿರಲಿಲ್ಲ. ಬಚ್ಚಲಿನ ಬಿಸಿನೀರಿನ ಸ್ವಿಚ್ಚು ಹಜಾರದ ಕ್ಯಾಲೆಂಡರಿನ ಹಿಂದೆ ಅಡಗಿ ಕುಳಿತಿತ್ತು. ವಿವರಿಸುವವನಿಗೆ ಇದಕ್ಕಿಂತ ದೊಡ್ಡ ಸೌಭಾಗ್ಯ ಬೇಕೆ? ಮೇಷ್ಟ್ರು ಅತ್ತೆಯ ನೆರಳಿನಂತೆ ಹಿಂದೆಯೇ ನಡೆದು ಎಲ್ಲವನ್ನೂ ಕಾರಣಸಹಿತ, ಉದಾಹರಣೆಸಹಿತ ವಿವರಿಸಿದರು, ಮರುದಿನ ಅತ್ತೆಗೆ ನೆನಪಿದೆಯೇ ಎಂದು ಪ್ರಶ್ನೆಯನ್ನೂ ಕೇಳಿದರು. ವಾರ ತುಂಬುವ ಮೊದಲೇ ಅತ್ತೆ ಪೆಟ್ಟಿಗೆ ಕಟ್ಟಿದರು. ಆಗ ಮೇಷ್ಟ್ರು ಪೆಟ್ಟಿಗೆಗೆ ಹಗ್ಗ ಬಿಗಿಯುವ ಸರಿಯಾದ ವಿಧಾನವನ್ನೂ ಹೇಳಿಕೊಟ್ಟರು.

ಅಂದಿನಿಂದ ಅತ್ತೆ ಅಳಿಯನೊಡನೆ ಮಾತು ಬಿಟ್ಟರು. ಫೋನಿನಲ್ಲಿ ಮಗಳನ್ನು ಕೇಳುವಾಗಲೂ, "ನಿಮ್ಮ ಮನೇಲಿ ಇನ್ನೊಬ್ಬರು ಇದ್ದಾರಲ್ಲ, ಅವರು ಆರೋಗ್ಯವಾಗಿದ್ದಾರಾ?" ಎನ್ನುತ್ತಿದ್ದರು.

ಮೇಷ್ಟ್ರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಬಡ್ತಿಯ ಪರೀಕ್ಷೆಗೆ ಕೂರಬೇಕೆಂದು ಹಿಂದಿನ ಸಲವೇ ಅಮ್ಮನನ್ನು ಕರೆಸಿಕೊಂಡಿದ್ದರು. ಅಮ್ಮ ಹೊರಟುಹೋದ ಮೇಲೆ ಓದೂ ಹೋಯಿತು, ಪರೀಕ್ಷೆಯೂ ಹೋಯಿತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅವಕಾಶವಿಲ್ಲ. ಪರೀಕ್ಷೆಗೆ ಇನ್ನು ಎರಡು ತಿಂಗಳು. ಕಾಡಿಬೇಡಿ ಅಮ್ಮನನ್ನು ಮತ್ತೆ ಒಪ್ಪಿಸಿದ ದಿನ ಆಕೆ ಗಂಡನನ್ನು ಎದುರು ಕೂರಿಸಿಕೊಂಡರು.

"ರೀ, ಅಮ್ಮ ಮುಂದಿನ ಶನಿವಾರ ಬರ್ತಾರೆ. ಪರೀಕ್ಷೆ ಮುಗಿಯೋವರೆಗೂ ಇರಬೇಕು. ನೀವು ಏನನ್ನೂ ವಿವರಿಸಬಾರದು."

"ಒಲೆ ವಿಷಯ?"

"ಒಲೆ ವಿಷಯಾನೂ."

"ಹೋದ ಸಲ ಹೇಳಿದ್ದೆಲ್ಲ ಮರೆತಿರ್ತಾರೆ, ಮತ್ತೆ ಅವರಿಗೆ ಹೇಗೆ ಗೊತ್ತಾಗಬೇಕು? ಒಂದೇ ಒಂದು ಸಣ್ಣ ಸೂಚನೆ..."

"ನಾನು ಕೌಂಟರಿನಲ್ಲೇ ಮುದುಕಿ ಆಗಬೇಕು ಅಂತ ಇದ್ರೆ ಕೊಡಿ ಸೂಚನೆ," ಎಂದು ಹೆಂಡತಿ ಎದ್ದು ಹೋದರು. ಆ ಮಾತಿನಲ್ಲಿ ಸಿಟ್ಟಿದ್ದರೆ ಮೇಷ್ಟ್ರು ಮರೆಯುತ್ತಿದ್ದರೇನೋ. ಇದ್ದದ್ದು ದಣಿವು. ಅದು ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಇಷ್ಟು ಹೇಳಿದ ಮೇಲೆ ತಿರುಗುಮನೆಯ ವಿಷಯಕ್ಕೆ ಬರಬೇಕು. ಮೇಷ್ಟ್ರಿಗೆ ಗಣಿತ ಬಿಟ್ಟರೆ ಜೀವವಿದ್ದದ್ದು ಆ ಹೆಸರಿನ ವಿಡಿಯೋ ಗೇಮಿನ ಮೇಲೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಅವರ ಹಜಾರದಲ್ಲಿ ಅಭಿಮಾನಿಗಳ ಮಹಾಸಭೆ ಸೇರುತ್ತಿತ್ತು. ಮಹಾಸಭೆ ಎಂದರೆ ಮೂರು ಜನ: ಮೇಷ್ಟ್ರು, ಬೀದಿಯ ಕೊನೆಯ ಹಲ್ಲಿನ ಡಾಕ್ಟರು ಮತ್ತು ಲೈಬ್ರರಿ ಮೇಡಂ. ಆಟದಲ್ಲಿ ಲಾಂದ್ರ ಹಿಡಿದ ಒಬ್ಬ ಹುಡುಗಿ. ಅವಳಿರುವ ಮನೆಯಲ್ಲಿ ಹಿಡಿಕೆ ಎಳೆದರೆ ಇಡೀ ಕೋಣೆಯೇ ಮಗ್ಗುಲು ಬದಲಿಸುತ್ತದೆ, ಗೋಡೆ ನೆಲವಾಗುತ್ತದೆ, ನೆಲ ಸೂರಾಗುತ್ತದೆ. ಹಾಗೆ ತಿರುಗಿಸಿ ತಿರುಗಿಸಿ ದಾರಿ ಮಾಡಿಕೊಳ್ಳಬೇಕು. ಮೊದಲ ಭಾಗದಲ್ಲಿ ಮನೆಯೊಡತಿಯ ದನಿಯೊಂದು ಹೆಜ್ಜೆಹೆಜ್ಜೆಗೂ "ಇಲ್ಲಿ ಎಳೆ, ಅಲ್ಲಿ ಹತ್ತು" ಎಂದು ಹೇಳುತ್ತಲೇ ಇರುತ್ತದೆ. ಕೊನೆಗೆ ಹುಡುಗಿ ಆ ದನಿಯಿಂದ ತಪ್ಪಿಸಿಕೊಂಡು ಹೊರಗೆ ಓಡುತ್ತಾಳೆ. ಈಗ ಎರಡನೇ ಭಾಗ ಬಂದಿತ್ತು, ಮೂವರೂ ಆಡಿ ಮುಗಿಸಿದ್ದರು.

"ಒಂದು ಅಕ್ಷರ ಇಲ್ಲ," ಎಂದರು ಡಾಕ್ಟರು, ದೇವಸನ್ನಿಧಿಯಲ್ಲಿ ನಿಂತವರ ದನಿಯಲ್ಲಿ. "ಇಡೀ ಆಟದಲ್ಲಿ ಒಂದು ಬೋರ್ಡಿಲ್ಲ, ಬಾಣದ ಗುರುತಿಲ್ಲ. ಆದ್ರೂ ಎಲ್ಲ ಗೊತ್ತಾಗುತ್ತೆ."

ಡಾಕ್ಟರಿಗೆ ಕೋಣೆಗಳ ಕಟ್ಟೋಣದ ಮೇಲೆ ಪ್ರಾಣ. ಮೊದಲ ಕೋಣೆಯಲ್ಲಿ ಒಂದು ಚೆಂಡನ್ನು ಸುಮ್ಮನೆ ಮೂಲೆಯಲ್ಲಿ ಇಟ್ಟಿರುವುದು, ಕೋಣೆ ತಿರುಗಿದಾಗ ಅದು ಉರುಳಿ ಬಾಗಿಲಿನ ಗುಂಡಿ ಒತ್ತುವುದು, ಆಡುವವನು ತಾನೇ ಕಂಡುಹಿಡಿದೆನೆಂದು ಬೀಗುವುದು, ಇದನ್ನೆಲ್ಲ ಅವರು ಬೆರಳು ಮಡಿಚಿ ಮಡಿಚಿ ವರ್ಣಿಸಿದರು. ಎರಡನೆಯ ಕೋಣೆಯಲ್ಲಿ ಎರಡು ಚೆಂಡು. ಮುಂದೊಂದು ಕೋಣೆಯಲ್ಲಿ ಗುಂಡಿ ಇದೆ, ಚೆಂಡೇ ಇಲ್ಲ. ಆ ಕೋಣೆಯಲ್ಲಿ ಮೂವರೂ ದಿನಗಟ್ಟಲೆ ಚೆಂಡು ಹುಡುಕಿ ಹೈರಾಣಾಗಿದ್ದರು. ಕೊನೆಗೆ ನೋಡಿದರೆ ಹುಡುಗಿಯೇ ಮುದುಡಿ ಕುಳಿತು ಉರುಳಬೇಕಿತ್ತು.

"ಅದು ಹೊಳೆದಾಗ ನಾನು ಎದ್ದು ನಿಂತುಬಿಟ್ಟೆ," ಎಂದರು ಮೇಷ್ಟ್ರು. "ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ. ಒಂದು ಸಲಾನೂ ಒಬ್ಬ ಹುಡುಗನ್ನ ಹಾಗೆ ಎದ್ದು ನಿಲ್ಲಿಸಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದ್ದು ಬೇರೆ."

ಲೈಬ್ರರಿ ಮೇಡಂಗೆ ಕೋಣೆಗಳಿಗಿಂತ ಕಥೆ ಮುಖ್ಯ. ಡಾಕ್ಟರು ಬರೀ ಹಲ್ಲು ನೋಡುತ್ತಾರೆ, ನಗು ನೋಡುವುದಿಲ್ಲ ಎಂದು ಅವರು ಕುಟುಕಿದರು. ಹುಡುಗಿ ದೊಡ್ಡವಳಾಗಿ ತಾನಾಗಿಯೇ ಆ ಮನೆಗೆ ಮರಳುತ್ತಾಳೆ, ದನಿಯನ್ನು ಹುಡುಕುತ್ತಾಳೆ, ದನಿ ಎಲ್ಲೂ ಇಲ್ಲ. ಕೊನೆಯ ಕೋಣೆಯಲ್ಲಿ ತಿಳಿಯುತ್ತದೆ: ಮನೆಯೊಡತಿಗೆ ಮಾತು ನಿಂತುಹೋಗಿದೆ. ಹುಡುಗಿ ಎಂದಾದರೂ ಬಂದಾಳೆಂದು, ಹೇಳಬೇಕಾದದ್ದನ್ನೆಲ್ಲ ಕೋಣೆಕೋಣೆಯಾಗಿ ಕಟ್ಟಿಟ್ಟಿದ್ದಾಳೆ. "ಅಷ್ಟು ಹೊತ್ತೂ ಅವಳು ನಮ್ಮ ಹತ್ತಿರ ಮಾತಾಡ್ತಾನೇ ಇದ್ದಳು," ಎಂದು ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಆ ಮಾತು ಕೇಳುತ್ತಲೇ ಮೇಷ್ಟ್ರ ತಲೆಯಲ್ಲಿ ದೀಪ ಹೊತ್ತಿತು. ವಿವರಿಸದೆ ತಿಳಿಸುವುದು. ತುಟಿ ಎರಡು ಮಾಡದೆ ಒಲೆ, ಬಾಗಿಲು, ಸ್ವಿಚ್ಚು ಎಲ್ಲವನ್ನೂ ಕಲಿಸುವುದು. ಅವರು ತಮ್ಮ ಸಂಕಟವನ್ನು ಗೆಳೆಯರ ಮುಂದೆ ತೋಡಿಕೊಂಡರು. ಮಹಾಸಭೆ ಅಲ್ಲಿಯೇ ಕಾರ್ಯಾಲೋಚನ ಮಂಡಳಿಯಾಗಿ ಬಡ್ತಿ ಪಡೆಯಿತು.

ಅತ್ತೆ ಬರುವ ಶನಿವಾರ ಬೆಳಿಗ್ಗೆ ಹೆಂಡತಿ ಕಚೇರಿಗೆ ಹೋಗುವುದನ್ನೇ ಕಾದಿದ್ದು ಮೂವರೂ ಮನೆಯ ಮೇಲೆ ಬಿದ್ದರು. (ಮೇಷ್ಟ್ರು ಶಾಲೆಗೆ ರಜೆ ಹಾಕಿದ್ದರು. ಹಲ್ಲುನೋವಿನ ಕಾರಣ ಕೊಟ್ಟಿದ್ದರಿಂದ ಡಾಕ್ಟರು ಮನೆಯಲ್ಲಿದ್ದದ್ದೂ ಸರಿಹೋಯಿತು.) ಡಾಕ್ಟರು ಹಲ್ಲುಜ್ಜುವ ಪುಡಿಯಿಂದಲೇ ಒಲೆಯ ಎಡ ತಿರುಪನ್ನು ಉಜ್ಜಿ ಫಳಫಳ ಹೊಳೆಯಿಸಿದರು, ಬಲ ತಿರುಪಿನ ಮಸಿಯನ್ನು ಹಾಗೆಯೇ ಬಿಟ್ಟರು. ಬಲ ಬರ್ನರಿನ ಮೇಲೆ ಚಹಾದ ಪಾತ್ರೆ ಇಟ್ಟರು. ಹಿಂಬಾಗಿಲಿನ ಹಿಡಿಕೆಯ ಕೆಳಬದಿಗೆ ಮೆತ್ತನೆಯ ಬಟ್ಟೆ ಸುತ್ತಿದರು: ಬೆರಳು ಮೆತ್ತನೆಯದನ್ನೇ ಹುಡುಕುತ್ತದೆ, ಕೆಳಗಿನಿಂದ ಹಿಡಿದ ಕೈ ತಾನಾಗಿ ಮೇಲಕ್ಕೆತ್ತುತ್ತದೆ. ಲೈಬ್ರರಿ ಮೇಡಂ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ಕಣ್ಣು ಇಳಿಯುತ್ತ ಇಳಿಯುತ್ತ ಸಕ್ಕರೆ ಡಬ್ಬಕ್ಕೇ ಬಂದು ನಿಲ್ಲುವಂತೆ ಮಾಡಿದರು. ಕ್ಯಾಲೆಂಡರಿನ ಒಂದು ಮೂಲೆಯನ್ನು ಸ್ವಲ್ಪವೇ ಮಡಿಚಿ, ಅದರ ಮೇಲೆ ಬೀಳುವಂತೆ ಮೇಜಿನ ದೀಪ ಹಚ್ಚಿಟ್ಟರು.

"ಒಂದೇ ನಿಯಮ," ಎಂದು ಡಾಕ್ಟರು ಮೇಷ್ಟ್ರಿಗೆ ಎಚ್ಚರಿಸಿದರು. "ಅವರು ಏನು ಕೇಳಿದ್ರೂ ಬಾಯಿ ಬಿಡಬಾರದು. ಕಣ್ಣಲ್ಲೂ ತೋರಿಸಬಾರದು. ನೀವು ಹೇಳಿದ್ರೆ ಕೋಣೆ ಸತ್ತುಹೋಗುತ್ತೆ."

ಅತ್ತೆ ಮಧ್ಯಾಹ್ನ ಬಂದಿಳಿದರು. ಕೈಯಲ್ಲಿ ಒಂದು ಪುಟ್ಟ ಚೀಲ ಮಾತ್ರ. ಎರಡು ತಿಂಗಳಿಗೆ ಬಂದವರ ಚೀಲವಾಗಿರಲಿಲ್ಲ ಅದು, ಸಂಜೆಯ ಬಸ್ಸಿಗೆ ಮರಳುವವರ ಚೀಲವಾಗಿತ್ತು. ಹಜಾರದಲ್ಲಿ ಕುಳಿತಿದ್ದ ಡಾಕ್ಟರನ್ನೂ ಮೇಡಂ ಅವರನ್ನೂ ಮಾತಾಡಿಸಿ, ಅಳಿಯ ನಿಂತಿದ್ದ ಜಾಗದಲ್ಲಿ ಕಂಬ ನಿಂತಿದೆ ಎಂಬಂತೆ ಬಳಸಿ ದಾಟಿ ಅಡುಗೆಮನೆಗೆ ನಡೆದರು.

ಮೇಷ್ಟ್ರು ಬಾಗಿಲಲ್ಲಿ ಕೈಕಟ್ಟಿ ನಿಂತರು. ಅತ್ತೆ ಒಲೆಯ ಮುಂದೆ ನಿಂತು ಪಾತ್ರೆ ನೋಡಿದರು. ಬಲ ತಿರುಪಿಗೆ ಕೈ ಹೋಯಿತು. ಮೇಷ್ಟ್ರ ನಾಲಿಗೆಯ ತುದಿಗೆ ಇಡೀ ಪಾಠ ಬಂದು ನಿಂತಿತು, ನುಂಗಿಕೊಂಡರು. ಅತ್ತೆಯ ಕೈ ಗಾಳಿಯಲ್ಲೇ ನಿಂತು, ಹೊಳೆಯುವ ತಿರುಪಿನ ಕಡೆ ಸರಿಯಿತು. ಬಲ ಬರ್ನರು ಭಗ್ಗೆಂದು ಹತ್ತಿತು. ಹಜಾರದಿಂದ ಇಣುಕುತ್ತಿದ್ದ ಡಾಕ್ಟರು ಮೇಡಂ ಕೈ ಹಿಡಿದು ಹಿಂಡಿದರು.

ಆಮೇಲೆ ಅತ್ತೆ ಹಿಂಬಾಗಿಲಿಗೆ ಹೋದರು. ಹಿಡಿಕೆಗೆ ಕೈ ಹಾಕಿದರು. ಬೆರಳು ಮೆತ್ತನೆಯ ಬಟ್ಟೆಯನ್ನು ಹುಡುಕಿತು, ಕೈ ಮೇಲಕ್ಕೆತ್ತಿತು, ಬಾಗಿಲು ಕಿರ್ರೆನ್ನದೆ ಹೂವಿನಂತೆ ತೆರೆದುಕೊಂಡಿತು. ಇಷ್ಟು ವರ್ಷ ಆ ಮನೆಯಲ್ಲಿದ್ದ ಮೇಷ್ಟ್ರೇ ಅದನ್ನು ಒಮ್ಮೆಯೂ ಸದ್ದಿಲ್ಲದೆ ತೆರೆದಿರಲಿಲ್ಲ. ತೆರೆದ ಬಾಗಿಲಿನಿಂದ ಬಿಸಿಲು ಬಂದು ಅತ್ತೆಯ ನರೆಗೂದಲ ಮೇಲೆ ಬಿತ್ತು. ಆಕೆಯನ್ನು ಮೇಷ್ಟ್ರು ಇಷ್ಟು ಹೊತ್ತು ಸುಮ್ಮನೆ ನೋಡಿದ್ದೇ ಇಲ್ಲ. ಒಂದೊಂದು ವಸ್ತುವನ್ನೂ ಮುಟ್ಟುವ ಮುಂಚೆ ಆಕೆ ಒಂದು ಗಳಿಗೆ ನಿಂತು ನೋಡುತ್ತಿದ್ದರು. ನಿಧಾನವಾಗಿ ಓದುವವರು ಸಾಲಿನ ಕೊನೆಯಲ್ಲಿ ನಿಲ್ಲುವ ಹಾಗೆ. ಕಳೆದ ಸಲ ಆ ಗಳಿಗೆಗಳನ್ನೆಲ್ಲ ತಾನೇ ಮಾತಿನಿಂದ ತುಂಬಿಬಿಟ್ಟಿದ್ದೆ ಎಂದು ಅವರಿಗೆ ಹೊಳೆದು ನಾಚಿಕೆಯಾಯಿತು.

ಅಷ್ಟರಲ್ಲಿ ಅತ್ತೆ ಡಬ್ಬಗಳತ್ತ ತಿರುಗಿದರು. ಕಣ್ಣು ಇಳಿಯಲಿಲ್ಲ, ಏರಿತು. (ಮೇಡಂ ಎಡದಿಂದ ಬಲಕ್ಕೆ ಜೋಡಿಸಿದ್ದರು, ಅತ್ತೆ ಬಂದದ್ದು ಬಲಗಡೆಯಿಂದ.) ಆಕೆ ಹಿಂದಿರುಗಿ ನೇರವಾಗಿ ಅಳಿಯನ ಮುಖವನ್ನೇ ನೋಡಿ ಕೇಳಿದರು:

"ಸಕ್ಕರೆ ಎಲ್ಲಿಟ್ಟಿದ್ದೀರಿ ಅಳಿಯಂದಿರೇ?"

ಅಷ್ಟು ಕಾಲದ ಮೇಲೆ ಬಂದ ಮೊದಲ ಮಾತು. ಅಳಿಯಂದಿರೇ ಎಂದು ಕರೆದೂ ಇದ್ದರು. ಮೇಷ್ಟ್ರ ಬಾಯಿ ಅರ್ಧ ತೆರೆಯಿತು. ಹಜಾರದಿಂದ ಡಾಕ್ಟರು ಕೆಮ್ಮಿದರು. ಮೇಷ್ಟ್ರು ಬಾಯಿ ಮುಚ್ಚಿ, ಮುಗುಳ್ನಕ್ಕರು.

"ಸಕ್ಕರೆ," ಎಂದರು ಅತ್ತೆ ಇನ್ನೊಮ್ಮೆ, ಕಿವಿ ಕೇಳದವರಿಗೆ ಹೇಳುವಂತೆ ಬಿಡಿಸಿ.

ಮೇಷ್ಟ್ರು ಇನ್ನೂ ಅಗಲವಾಗಿ ನಕ್ಕರು.

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚಹಾಪುಡಿ ಎಲ್ಲಿದೆ ಎಂದು ಕೇಳಿದರು, ಮೇಷ್ಟ್ರು ನಗುತ್ತಲೇ ಇದ್ದರು. ಬಿಸಿನೀರಿನ ಸ್ವಿಚ್ಚು ಮೊದಲಿದ್ದ ಕಡೆಯೇ ಇದೆಯೋ ಎಂದರು. ಕಣ್ಣಲ್ಲೂ ತೋರಿಸಬಾರದೆಂಬ ನಿಯಮ ನೆನಪಾಗಿ ಮೇಷ್ಟ್ರು ಸೂರು ನೋಡಿದರು. ಅತ್ತೆ ಒಂದೊಂದೇ ಡಬ್ಬ ತೆರೆದು ಎಲ್ಲವನ್ನೂ ತಾವೇ ಹುಡುಕಿಕೊಂಡರು, ಚಹಾ ಮಾಡಿದರು, ಮೊದಲ ಲೋಟವನ್ನು ಅಳಿಯನ ಕೈಗೇ ಕೊಟ್ಟು, "ಬಿಸಿ ಇದೆ, ಊದಿಕೊಂಡು ಕುಡೀರಿ," ಎಂದರು. ದನಿ ತೀರಾ ಮೃದುವಾಗಿತ್ತು.

ಗೆಳೆಯರಿಬ್ಬರೂ ಬೆರಗಾಗಿ ಹೊರಟರು. ಮೆಟ್ಟಿಲಿಳಿಯುತ್ತ ಡಾಕ್ಟರು, ಇಂಥ ಆಟಗಾರ್ತಿಯನ್ನು ತಾವು ಕಂಡಿಲ್ಲವೆಂದರು. ಮೇಡಂ, ಡಬ್ಬದ ತಪ್ಪು ತಮ್ಮದೇ ಎಂದು ಕೊರಗುತ್ತ ನಡೆದರು.

ಸಂಜೆ ಹೆಂಡತಿ ಬಂದವರೇ ಅಡುಗೆಮನೆ ಸೇರಿದರು. ಮೇಷ್ಟ್ರು ಹಜಾರದ ಗೋಡೆಗೆ ಕಿವಿ ಕೊಟ್ಟರು. ಪುಟ್ಟ ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು.

"ಅವರಿಗೆ ಮನೇಲಿ ಏನು ಎಲ್ಲಿದೆ ಅಂತಲೇ ಗೊತ್ತಿಲ್ಲ ಕಣೇ," ಎನ್ನುತ್ತಿದ್ದರು ಅತ್ತೆ. "ಸಕ್ಕರೆ ಕೇಳಿದ್ರೆ ನಗ್ತಾರೆ. ಸ್ವಿಚ್ಚು ಕೇಳಿದ್ರೆ ಸೂರು ನೋಡ್ತಾರೆ. ಆವತ್ತು ಅಷ್ಟೊಂದು ಮಾತಾಡಿದ್ದು ಯಾಕೆ ಅಂತ ಇವತ್ತು ಅರ್ಥ ಆಯ್ತು. ಗೊತ್ತಿಲ್ಲದ್ದನ್ನ ಮುಚ್ಚಿಕೊಳ್ಳೋಕೆ, ಪಾಪ. ನಾನೇ ಅವರನ್ನ ಅಹಂಕಾರಿ ಅಂದ್ಕೊಂಡುಬಿಟ್ಟಿದ್ದೆ."

"ಹಾಗಲ್ಲಮ್ಮ, ಅವರು..."

"ನೀನು ಸುಮ್ಮನೆ ಓದ್ಕೋ. ಊರಲ್ಲಿರೋ ಅಣ್ಣನಿಗೆ ಫೋನ್ ಮಾಡಿ ಪೆಟ್ಟಿಗೆ ಕಳಿಸೋಕೆ ಹೇಳು. ನಾನಿದ್ದು ಅವರಿಗೆ ಒಂದೊಂದಾಗಿ ಕಲಿಸ್ತೀನಿ."

ಗೋಡೆಯ ಈಚೆ ಮೇಷ್ಟ್ರಿಗೆ ನೆತ್ತರು ಕುದಿಯಿತು. ಆ ಮನೆಯ ಒಂದೊಂದು ತಿರುಪಿನ ಜಾತಕವನ್ನೂ ಬಲ್ಲವನು ತಾನು. ಒಳಗೆ ಹೋಗಿ ಎರಡು ಮಾತು ಆಡಿದ್ದರೆ ಸಾಕಿತ್ತು, ಮಾನ ಉಳಿಯುತ್ತಿತ್ತು, ಆದರೆ ಅತ್ತೆಯ ಚೀಲವೂ ಬಸ್ಸು ಹತ್ತುತ್ತಿತ್ತು. ಅಷ್ಟರಲ್ಲಿ ಹೆಂಡತಿ ಹೊರಬಂದು ಎದುರು ನಿಂತರು. ಆ ಕಣ್ಣುಗಳಲ್ಲಿ ಅಂಥ ಬೆರಗನ್ನು ಮೇಷ್ಟ್ರು ಮದುವೆಯ ದಿನವೂ ಕಂಡಿರಲಿಲ್ಲ.

"ರೀ, ಏನ್ ಮಾಡಿದ್ರಿ ನೀವು?"

ಮೇಷ್ಟ್ರು ಬಾಯಿ ತೆರೆದರು. ನೋಡಿದರು. ಮುಚ್ಚಿದರು.

ಮರುದಿನದಿಂದ ಪಾಠ ಶುರುವಾಯಿತು. ಹೆಂಡತಿ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತರೆ ಅತ್ತೆ ಅಳಿಯನಿಗೆ ಕಿಟಕಿ ತೆರೆಯುವುದನ್ನೂ, ತೆರೆದರೆ ಗಾಳಿ ಬರುವುದನ್ನೂ ವಿವರಿಸಿದರು. ಮೇಷ್ಟ್ರು "ಹೌದಾ ಅತ್ತೆ?" ಎಂದರು. ಕೆಲವೇ ದಿನಗಳಲ್ಲಿ ಅವರಿಗೆ ಒಂದು ಭಯಂಕರ ಸತ್ಯ ಹೊಳೆಯಿತು. ಕಲಿಸುವುದು ಮುಗಿದರೆ ಅತ್ತೆ ಹೊರಡುತ್ತಾರೆ. ಪರೀಕ್ಷೆ ಇನ್ನೂ ದೂರವಿತ್ತು. ಆದ್ದರಿಂದ ಕಲಿಯಬಾರದು.

ಜನ್ಮದಲ್ಲಿ ಒಮ್ಮೆಯೂ ಫೇಲಾಗದವರು ದಿನವೂ ಫೇಲಾಗತೊಡಗಿದರು. ಪರೀಕ್ಷೆಯ ಹಿಂದಿನ ವಾರ ಪಾಠ ಹೊದಿಕೆ ಮಡಚುವುದಕ್ಕೆ ಬಂದಿತ್ತು. ಅತ್ತೆ ಎರಡು ಮೂಲೆ ಹಿಡಿದರು, ಮೇಷ್ಟ್ರು ಎರಡು ಮೂಲೆ ಹಿಡಿದರು. ಆಯತವನ್ನು ಅರ್ಧ ಮಾಡುವ ಕೆಲಸ. ಊರಿನ ಅರ್ಧ ಮಕ್ಕಳಿಗೆ ರೇಖಾಗಣಿತ ಕಲಿಸಿದ ಆ ಕೈಗಳು, ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿದ್ದರೂ, ಎಡಮೂಲೆಯನ್ನು ಒಯ್ದು ಅಡ್ಡಡ್ಡಲಾಗಿ ಬಲಮೂಲೆಗೆ ಸೇರಿಸಿದವು. ಹೊದಿಕೆ ಮುದ್ದೆಯಾಗಿ ನೆಲಕ್ಕೆ ಬಿತ್ತು.

ಅತ್ತೆ ಬೈಯಲಿಲ್ಲ. ಹೊದಿಕೆಯನ್ನು ಎತ್ತಿ, ಕೊಡವಿ, ಮತ್ತೆ ಎರಡು ಮೂಲೆಗಳನ್ನು ಅಳಿಯನ ಕೈಗಿತ್ತರು. ಆಮೇಲೆ ಕೋಣೆಯತ್ತ ತಿರುಗಿ ಮಗಳಿಗೆ ಕೇಳುವಂತೆ ಹೇಳಿದರು:

"ನಿನ್ನ ಪರೀಕ್ಷೆ ಮುಗಿದ್ರೂ ನಾನು ಹೋಗೋ ಹಾಗಿಲ್ಲ ಕಣೇ. ಇವರು ಇನ್ನೂ ಒಂದು ವರ್ಷದ ಕೆಲಸ."